ಜಪಾನಿನಿಂದ ಆಮದಾದ ನಾಲ್ಕು ಚಕ್ರ ಚಾಲನೆಯ ವ್ಯಾನುಗಳು: ಮಾಲೀಕರು ಅರಿತಿರಬೇಕಾದ ಅಪಘಾತ ಸುರಕ್ಷತೆಯ ಸಂಗತಿಗಳು

ಜಪಾನಿನ ಒಳಮಾರುಕಟ್ಟೆಗಾಗಿ ತಯಾರಾಗಿ, ಅಲ್ಲಿ ಕೆಲವು ವರ್ಷಗಳ ಕಾಲ ಬಳಕೆಯಾದ ನಂತರ ಹರಾಜಿನ ಮೂಲಕ ಹೊರದೇಶಗಳಿಗೆ ರವಾನೆಯಾಗುವ ನಾಲ್ಕು ಚಕ್ರ ಚಾಲನೆಯ ವ್ಯಾನುಗಳು ಕೆನಡಾ, ಅಮೆರಿಕ ಸಂಯುಕ್ತ ಸಂಸ್ಥಾನ, ಬ್ರಿಟನ್, ಆಸ್ಟ್ರೇಲಿಯಾ ಹಾಗೂ ನ್ಯೂಜಿಲೆಂಡ್ ದೇಶಗಳಲ್ಲಿ ಕುಟುಂಬಸ್ಥರ ಮೆಚ್ಚುಗೆಗೆ ಪಾತ್ರವಾಗಿವೆ. ಇವುಗಳಲ್ಲಿ ಮುಖ್ಯವಾದುದು ಮಿತ್ಸುಬಿಷಿ ಸಂಸ್ಥೆಯ ಡೆಲಿಕಾ. ಏಳೆಂಟು ಮಂದಿ ಕೂರಬಹುದಾದ, ಆಸನಗಳನ್ನು ಮಡಚಿದರೆ ಮಲಗಲೂ ಅನುಕೂಲವಿರುವ, ಹಿಮ ಹಾಗೂ ಕೆಸರಿನ ದಾರಿಯಲ್ಲಿ ಸಾಗಬಲ್ಲ ಈ ವಾಹನವು ಅದೇ ಸೌಲಭ್ಯವುಳ್ಳ ಹೊಸ ವಾಹನಕ್ಕಿಂತ ಬಹಳ ಕಡಿಮೆ ಬೆಲೆಗೆ ದೊರೆಯುತ್ತದೆ. ಸದರಿ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರು ಇಂತಹ ವಾಹನವನ್ನು ಕೊಳ್ಳುವ ಮುನ್ನ, ಅಥವಾ ತಾಯ್ನಾಡಿಗೆ ಹಿಂದಿರುಗುವಾಗ ಅದನ್ನು ಜೊತೆಗೆ ತಂದು ಇಲ್ಲಿ ನೋಂದಣಿ ಮಾಡಿಸುವ ಉದ್ದೇಶ ಹೊಂದಿದ್ದಲ್ಲಿ, ಅರಿತಿರಬೇಕಾದ ಸಂಗತಿಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ವಯಸ್ಸಿನ ವಿನಾಯಿತಿಯ ಅರ್ಥ

ಪ್ರತಿಯೊಂದು ದೇಶವೂ ತನ್ನ ರಸ್ತೆಗಿಳಿಯುವ ಹೊಸ ವಾಹನಗಳಿಗೆ ಸುರಕ್ಷತಾ ಮಾನಕಗಳನ್ನು ವಿಧಿಸಿರುತ್ತದೆ. ಜಪಾನಿನ ಒಳಮಾರುಕಟ್ಟೆಯ ವಾಹನವು ಜಪಾನಿನ ಮಾನಕಗಳಿಗೆ ಅನುಗುಣವಾಗಿ ತಯಾರಾಗಿರುತ್ತದೆಯೇ ಹೊರತು ಕೆನಡಾ ಅಥವಾ ಅಮೆರಿಕದ ಮಾನಕಗಳಿಗೆ ಅಲ್ಲ. ಹೀಗಿದ್ದೂ ಅದಕ್ಕೆ ಆ ದೇಶಗಳಲ್ಲಿ ಪ್ರವೇಶ ದೊರೆಯುವುದು ವಯಸ್ಸಿನ ಆಧಾರದ ಮೇಲೆ. ಕೆನಡಾದಲ್ಲಿ 15 ವರ್ಷ, ಅಮೆರಿಕದಲ್ಲಿ 25 ವರ್ಷ ಪೂರೈಸಿದ ವಾಹನಕ್ಕೆ ಆಯಾ ದೇಶದ ಸುರಕ್ಷತಾ ಮಾನಕಗಳ ಪಾಲನೆಯಿಂದ ವಿನಾಯಿತಿ ನೀಡಲಾಗಿದೆ. ಆಸ್ಟ್ರೇಲಿಯಾದಲ್ಲಿಯೂ 25 ವರ್ಷ ಮೀರಿದ ವಾಹನಗಳಿಗೆ ಪ್ರತ್ಯೇಕ ಅವಕಾಶವಿದೆ.

ಇಲ್ಲಿ ಅನೇಕರು ಒಂದು ತಪ್ಪು ತಿಳಿವಳಿಕೆಗೆ ಒಳಗಾಗುತ್ತಾರೆ. ಸರ್ಕಾರವು ಆಮದಿಗೆ ಅನುಮತಿಸಿದೆ, ಪ್ರಾಂತ್ಯದ ತಪಾಸಣೆಯಲ್ಲಿ ತೇರ್ಗಡೆಯಾಗಿದೆ, ನೋಂದಣಿ ಫಲಕವೂ ದೊರೆತಿದೆ, ಆದುದರಿಂದ ವಾಹನವು ಸುರಕ್ಷಿತ ಎಂಬುದೇ ಆ ತಿಳಿವಳಿಕೆ. ವಿನಾಯಿತಿ ಎಂದರೆ ಮಾನಕವನ್ನು ಪೂರೈಸಿದೆ ಎಂದಲ್ಲ. ಪೂರೈಸಿದೆಯೇ ಎಂದು ಯಾರೂ ಕೇಳುವುದಿಲ್ಲ ಎಂದಷ್ಟೇ. ನೋಂದಣಿಗೆ ಮುನ್ನ ನಡೆಯುವ ತಪಾಸಣೆಯಲ್ಲಿ ಬ್ರೇಕು, ದೀಪ, ಟೈರು, ಸ್ಟಿಯರಿಂಗ್ ಮತ್ತು ತುಕ್ಕನ್ನು ನೋಡಲಾಗುತ್ತದೆ. ವಾಹನವು ಗೋಡೆಗೆ ಬಡಿದರೆ ಒಳಗಿರುವವರ ಕಾಲುಗಳು ಉಳಿಯುತ್ತವೆಯೇ ಎಂಬುದನ್ನು ಯಾವ ತಪಾಸಕರೂ ನೋಡಲಾರರು. ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ಹೊಣೆಯು ಮಾಲೀಕರ ಮೇಲೆಯೇ ಬೀಳುತ್ತದೆ.

ಭಾರತದಲ್ಲಿ ಖಾಸಗಿ ವಾಹನದ ನೋಂದಣಿ ಪತ್ರವು 15 ವರ್ಷಗಳವರೆಗೆ ಸಿಂಧುವಾಗಿದ್ದು, ತದನಂತರ ವಾಹನವನ್ನು ತಪಾಸಣೆಗೆ ಹಾಜರುಪಡಿಸಿ 5 ವರ್ಷಗಳ ಅವಧಿಗೆ ನವೀಕರಿಸಿಕೊಳ್ಳಬೇಕಾಗುತ್ತದೆ. ಇಲ್ಲಿ ಅನುಮಾನದ ಕಣ್ಣಿಗೆ ಬೀಳುವ ವಯಸ್ಸೇ ಕೆನಡಾದಲ್ಲಿ ಪ್ರವೇಶದ ಅರ್ಹತೆಯಾಗಿದೆ ಎಂಬುದನ್ನು ಗಮನಿಸಬಹುದು.

ವಾಹನದ ರಚನೆ ಮತ್ತು ಮೂರು ತಲೆಮಾರುಗಳು

ಡೆಲಿಕಾ ಎಂಬ ಒಂದೇ ಹೆಸರಿನಲ್ಲಿ ರಚನೆಯ ದೃಷ್ಟಿಯಿಂದ ಮೂರು ಬೇರೆ ಬೇರೆ ವಾಹನಗಳಿವೆ. ಮಾರಾಟಗಾರರ ಜಾಹೀರಾತಿನಲ್ಲಿ ಈ ವ್ಯತ್ಯಾಸವು ಸಾಮಾನ್ಯವಾಗಿ ಎದ್ದು ಕಾಣುವುದಿಲ್ಲ. ಆದರೆ ಸುರಕ್ಷತೆಯ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿಲ್ಲ.

1986ರಲ್ಲಿ ಬಂದ ಸ್ಟಾರ್ ವ್ಯಾಗನ್ ಮಾದರಿಯಲ್ಲಿ ಎಂಜಿನ್ ಮುಂದಿನ ಆಸನಗಳ ಅಡಿಯಲ್ಲಿದೆ. ಚಾಲಕರು ಮುಂದಿನ ಗಾಲಿಗಳ ಮೇಲೆಯೇ ಕುಳಿತಿರುತ್ತಾರೆ. ಅವರ ಮೊಣಕಾಲಿಗೂ ಎದುರಿನಿಂದ ಬರುವ ವಾಹನಕ್ಕೂ ನಡುವೆ ಇರುವುದು ಮುಂಭಾಗದ ತಗಡು, ಬಂಪರ್ ಮತ್ತು ಸ್ವಲ್ಪ ಅಂತರ ಮಾತ್ರ. ಕರ್ನಾಟಕದ ಓದುಗರಿಗೆ ಈ ರಚನೆ ಅಪರಿಚಿತವಲ್ಲ. ಮಾರುತಿ ಓಮ್ನಿ ಇದೇ ಬಗೆಯದು. 1984ರಲ್ಲಿ ಮಾರುಕಟ್ಟೆಗೆ ಬಂದು ಶಾಲಾ ಮಕ್ಕಳ ಸಾಗಣೆಯಿಂದ ಆಂಬ್ಯುಲೆನ್ಸ್‌ವರೆಗೆ ಸಕಲ ಕೆಲಸಕ್ಕೂ ಬಳಕೆಯಾದ ಈ ವಾಹನದ ತಯಾರಿಕೆಯು ಹೊಸ ಡಿಕ್ಕಿ ಪರೀಕ್ಷೆಯ ನಿಯಮಗಳಿಗೆ ಹೊಂದಿಕೊಳ್ಳಲಾಗದೆ 2019ರಲ್ಲಿ ನಿಂತಿತು. ಡೆಲಿಕಾದ ಹತ್ತಿರದ ಸಂಬಂಧಿಯೊಂದು ನಮ್ಮ ರಸ್ತೆಗಳಲ್ಲಿಯೂ ಓಡಿದೆ. ಮಹೀಂದ್ರ ಸಂಸ್ಥೆಯು 1997ರಲ್ಲಿ ವಾಯೇಜರ್ ಎಂಬ ಹೆಸರಿನಲ್ಲಿ ಹೊರತಂದ ವ್ಯಾನು ಮಿತ್ಸುಬಿಷಿಯ ಇದೇ ಮಾದರಿಯನ್ನು ಆಧರಿಸಿತ್ತು. ಅದು ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಮರೆಯಾಯಿತು.

1994ರಲ್ಲಿ ಬಂದ ಸ್ಪೇಸ್ ಗೇರ್ ಮಾದರಿಗೆ ಗಿಡ್ಡವಾದ ಬಾನೆಟ್ ಸೇರಿತು. ಇದು ಹಿಂದಿನದಕ್ಕಿಂತ ಉತ್ತಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎಂಜಿನ್‌ನ ಹೆಚ್ಚಿನ ಭಾಗ ಮುಂದಿನ ಆಸನಗಳ ಅಡಿಯಲ್ಲಿಯೇ ಉಳಿದಿದ್ದು, ಇದನ್ನು ಕಾರಿನಂತಹ ಪೂರ್ಣ ಬಾನೆಟ್‌ನ ವಾಹನವೆಂದು ಭಾವಿಸತಕ್ಕದ್ದಲ್ಲ. 2007ರ ಜನವರಿಯಲ್ಲಿ ಬಂದ ಡಿ:5 ಮಾದರಿಯಲ್ಲಿ ಎಂಜಿನ್ ಪೂರ್ಣವಾಗಿ ಮುಂಭಾಗಕ್ಕೆ ಬಂದಿತು. ಕಂಬ, ಛಾವಣಿ ಮತ್ತು ನೆಲವನ್ನು ಪಕ್ಕೆಲುಬುಗಳಂತೆ ಉಂಗುರಾಕಾರದಲ್ಲಿ ಬೆಸೆದ ದೇಹರಚನೆಯನ್ನೂ ಅಳವಡಿಸಲಾಯಿತು. ಇದು ಬೇರೆಯೇ ತಲೆಮಾರಿನ ವಾಹನ. 15 ವರ್ಷಗಳ ನಿಯಮದಂತೆ ಡಿ:5ರ ಮೊದಲ ವಾಹನಗಳು 2022ರಿಂದ ಕೆನಡಾಕ್ಕೆ ಬರತೊಡಗಿದವು. ಅಮೆರಿಕದಲ್ಲಿ 2032ರವರೆಗೆ ಕಾಯಬೇಕಾಗುತ್ತದೆ. ಕೆನಡಾದಲ್ಲಿರುವವರಿಗೆ ಆಯ್ಕೆಯಿದ್ದಲ್ಲಿ, ಹಣ ಸ್ವಲ್ಪ ಹೆಚ್ಚಾದರೂ ಡಿ:5 ಕೊಳ್ಳುವುದು ವಿವೇಕಯುತ.

ಆಸ್ಟ್ರೇಲಿಯಾದ ವಾಹನ ವಿನ್ಯಾಸ ನಿಯಮಗಳು ಈ ಬಗೆಯ ಪ್ರಯಾಣಿಕ ವಾಹನಗಳಿಗೆ ಪ್ರತ್ಯೇಕ ವರ್ಗವನ್ನೇ ನಿಗದಿಪಡಿಸಿವೆ. ಸ್ಟಿಯರಿಂಗ್ ಚಕ್ರದ ಮಧ್ಯಬಿಂದುವು ವಾಹನದ ಒಟ್ಟು ಉದ್ದದ ಮೊದಲ ಕಾಲುಭಾಗದಲ್ಲಿ ಬಿದ್ದರೆ ವಾಹನವು ಆ ವರ್ಗಕ್ಕೆ ಸೇರುತ್ತದೆ. ಅಳತೆಯ ಟೇಪು ಇದ್ದರೆ ಯಾರು ಬೇಕಾದರೂ ಐದು ನಿಮಿಷದಲ್ಲಿ ಈ ಪರೀಕ್ಷೆಯನ್ನು ಮಾಡಿಕೊಳ್ಳಬಹುದು.

ಮುಂಭಾಗದ ಉದ್ದ ಏಕೆ ಮುಖ್ಯ

ಗಂಟೆಗೆ 50 ಕಿ.ಮೀ. ವೇಗದಲ್ಲಿ ಗೋಡೆಗೆ ಬಡಿಯುವುದೆಂದರೆ ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಕಟ್ಟಡದ ಮೇಲಿನಿಂದ ನೆಲಕ್ಕೆ ಬೀಳುವುದಕ್ಕೆ ಸಮ. ಆ ವೇಗವು ಎಷ್ಟು ದೂರದಲ್ಲಿ ಸೊನ್ನೆಯಾಗುತ್ತದೆ ಎಂಬುದರ ಮೇಲೆ ದೇಹದ ಮೇಲಿನ ಆಘಾತವು ನಿರ್ಧಾರವಾಗುತ್ತದೆ. ವಾಹನದ ಮುಂಭಾಗವು 60 ಸೆಂ.ಮೀ. ಕುಗ್ಗಿ ನಿಂತರೆ ಸರಾಸರಿ ಆಘಾತವು ಭೂಗುರುತ್ವದ ಸುಮಾರು 16 ಪಟ್ಟು. ಕುಗ್ಗಲು 30 ಸೆಂ.ಮೀ. ಮಾತ್ರ ಲಭ್ಯವಿದ್ದರೆ ಅದು ಸುಮಾರು 33 ಪಟ್ಟು. ವೇಗ ಅದೇ, ವಾಹನದ ತೂಕ ಅದೇ. ವ್ಯತ್ಯಾಸ ಒಂದು ಅಡಿಯದು.

ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಸರಾಸರಿ ಆಘಾತವನ್ನು ಸೀಟ್ ಬೆಲ್ಟು ಒಂದು ಮಟ್ಟಿಗೆ ನಿಭಾಯಿಸಬಹುದು. ಆದರೆ ಕುಗ್ಗಲು ಜಾಗವಿಲ್ಲದ ವಾಹನದಲ್ಲಿ ಕುಳಿತಿರುವ ಕೋಣೆಯೇ ಕುಗ್ಗತೊಡಗುತ್ತದೆ. ಪೆಡಲುಗಳು ಹಿಂದಕ್ಕೆ ನುಗ್ಗುತ್ತವೆ, ಸ್ಟಿಯರಿಂಗ್ ಕಂಬ ಮೇಲಕ್ಕೇಳುತ್ತದೆ, ಬಾಗಿಲಿನ ಚೌಕಟ್ಟು ಬಾಗಿ ಬಾಗಿಲು ತೆರೆಯದಂತಾಗುತ್ತದೆ. ಇಂತಹ ಅಪಘಾತಗಳಲ್ಲಿ ಚಾಲಕರ ಪಾದ, ಕಣಕಾಲು ಮತ್ತು ತೊಡೆಯ ಮೂಳೆಗಳಿಗೆ ಗಂಭೀರ ಪೆಟ್ಟಾಗುವುದು ಈ ಕಾರಣದಿಂದಲೇ.

ವಾಹನವು ಎತ್ತರವಾಗಿದೆ, ಭಾರವಾಗಿದೆ, ಆದುದರಿಂದ ರಕ್ಷಣೆ ಹೆಚ್ಚು ಎಂಬ ವಾದವು ಸಾಮಾನ್ಯವಾಗಿ ಕೇಳಿಬರುತ್ತದೆ. ಇದು ಅರ್ಧ ಸತ್ಯ. ಚಿಕ್ಕ ಕಾರಿನೊಡನೆ ಡಿಕ್ಕಿಯಾದಾಗ ಭಾರದ ವಾಹನಕ್ಕೆ ಅನುಕೂಲವಿರುತ್ತದೆ. ಆದರೆ ಮರ, ಬಂಡೆ ಅಥವಾ ಸೇತುವೆಯ ಕಂಬಕ್ಕೆ ಬಡಿದಾಗ ಭಾರವು ಯಾವ ರಕ್ಷಣೆಯನ್ನೂ ನೀಡದು, ಲಾರಿಗೆ ಬಡಿದಾಗ ಕಾರಿನ ಸ್ಥಾನಕ್ಕೆ ವ್ಯಾನೇ ಬರುತ್ತದೆ. ಎತ್ತರವಂತೂ ತಿರುವಿನಲ್ಲಿ ಮಗುಚುವ ಸಂಭವವನ್ನು ಹೆಚ್ಚಿಸುತ್ತದೆ. ಛಾವಣಿಯ ಮೇಲೆ ಕ್ಯಾರಿಯರ್ ಕೂರಿಸಿ ಗುಡಾರ, ನೀರಿನ ಕ್ಯಾನು, ಹೆಚ್ಚುವರಿ ಟೈರು ಹೇರಿ, ಸಸ್ಪೆನ್ಷನ್ ಎತ್ತರಿಸಿ, ದೊಡ್ಡ ಟೈರು ಹಾಕಿಸುವ ಅಭ್ಯಾಸವು ಈ ವಾಹನಗಳ ಮಾಲೀಕರಲ್ಲಿ ವ್ಯಾಪಕವಾಗಿದ್ದು, ಇವೆಲ್ಲವೂ ಗುರುತ್ವ ಕೇಂದ್ರವನ್ನು ಮೇಲಕ್ಕೊಯ್ಯುವ ಕ್ರಮಗಳೇ ಆಗಿವೆ.

ನಾಲ್ಕು ಚಕ್ರ ಚಾಲನೆಯಿಂದ ಜಾರುವ ನೆಲದಲ್ಲಿ ವಾಹನವು ಮುಂದಕ್ಕೆ ಚಲಿಸಲು ಸಹಾಯವಾಗುತ್ತದೆ, ನಿಲ್ಲಲು ಆಗುವುದಿಲ್ಲ. ನಾಲ್ಕೂ ಗಾಲಿಗಳಿಗೆ ಬ್ರೇಕು ಎಲ್ಲ ವಾಹನಗಳಲ್ಲಿಯೂ ಇರುತ್ತದೆ. ಹಿಮದಲ್ಲಿ ಸುಲಭವಾಗಿ ವೇಗ ಪಡೆಯುವ ವಾಹನದ ಚಾಲಕರಿಗೆ ನೆಲ ಎಷ್ಟು ಜಾರುತ್ತಿದೆ ಎಂಬ ಎಚ್ಚರವೇ ತಪ್ಪುತ್ತದೆ. ಚಳಿಗಾಲದ ಟೈರುಗಳಿಗೆ ಮಾಡುವ ಖರ್ಚು ಈ ದೃಷ್ಟಿಯಿಂದ ಅತ್ಯಂತ ಸಾರ್ಥಕವಾದುದು.

ಬಲಗಡೆಯ ಸ್ಟಿಯರಿಂಗ್

ಜಪಾನಿನಲ್ಲಿ ಭಾರತದಂತೆಯೇ ರಸ್ತೆಯ ಎಡಬದಿಯಲ್ಲಿ ಸಂಚಾರ. ಬ್ರಿಟನ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿಯೂ ಹಾಗೆಯೇ ಇರುವುದರಿಂದ ಅಲ್ಲಿ ಈ ತೊಂದರೆಯಿಲ್ಲ. ಕೆನಡಾ ಮತ್ತು ಅಮೆರಿಕದಲ್ಲಿ ಸಂಚಾರವು ಬಲಬದಿಯಲ್ಲಿರುವುದರಿಂದ ಚಾಲಕರು ರಸ್ತೆಯ ಅಂಚಿನ ಕಡೆ ಕುಳಿತಂತಾಗುತ್ತದೆ. ಮುಂದಿನ ಲಾರಿಯನ್ನು ಹಿಂದಿಕ್ಕಲು ಎದುರಿನ ದಾರಿ ಕಾಣಬೇಕಾದರೆ ವಾಹನದ ಬಹುಭಾಗವನ್ನು ಎದುರು ಸಂಚಾರದ ಪಥಕ್ಕೆ ಚಾಚಬೇಕಾಗುತ್ತದೆ. ಛೇದಕಗಳಲ್ಲಿ ಎಡಕ್ಕೆ ತಿರುಗುವಾಗಲೂ ಇದೇ ಅಡಚಣೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸಾರ್ವಜನಿಕ ವಾಹನ ವಿಮಾ ನಿಗಮದ ಅಂಕಿ ಅಂಶಗಳನ್ನು ಆಧರಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬಲಗಡೆಯ ಸ್ಟಿಯರಿಂಗ್‌ನ ಆಮದು ವಾಹನಗಳು ಚಾಲಕರ ತಪ್ಪಿನಿಂದಾಗುವ ಅಪಘಾತಕ್ಕೆ ಈಡಾಗುವ ಸಂಭವವು ಅದೇ ಬಗೆಯ ಎಡಗಡೆಯ ಸ್ಟಿಯರಿಂಗ್‌ನ ವಾಹನಗಳಿಗಿಂತ ಸುಮಾರು ಶೇ. 40ರಷ್ಟು ಹೆಚ್ಚು. ಸ್ಟಿಯರಿಂಗ್ ಮತ್ತು ಸಂಚಾರದ ಬದಿ ಹೊಂದದಿದ್ದಾಗ ಉಂಟಾಗುವ ಅಪಾಯವನ್ನು ಭಾರತದ ಕಾನೂನೂ ಗುರುತಿಸಿದೆ. ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 120ರಂತೆ ಎಡಗಡೆಯ ಸ್ಟಿಯರಿಂಗ್‌ನ ವಾಹನವನ್ನು ಸುಸ್ಥಿತಿಯಲ್ಲಿರುವ ಯಾಂತ್ರಿಕ ಅಥವಾ ವಿದ್ಯುತ್ ಸಂಜ್ಞಾ ಸಾಧನವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವಂತಿಲ್ಲ.

ಇನ್ನೆರಡು ಅಂಶಗಳು ಕೆನಡಾ ಮತ್ತು ಅಮೆರಿಕದ ಮಾಲೀಕರಿಗೆ ಅನ್ವಯಿಸುತ್ತವೆ. ಜಪಾನಿನ ಹೆಡ್‌ಲೈಟಿನ ತಗ್ಗು ಬೆಳಕು ಎಡ ಅಂಚಿನ ಕಡೆಗೆ ಹೆಚ್ಚಾಗಿ ಚಾಚುವಂತೆ ರೂಪಿತವಾಗಿದ್ದು, ಅಲ್ಲಿ ಅದು ನೇರವಾಗಿ ಎದುರಿನ ಚಾಲಕರ ಕಣ್ಣಿಗೆ ಬೀಳುತ್ತದೆ. ಆದುದರಿಂದ ದೀಪಗಳನ್ನು ಬದಲಾಯಿಸತಕ್ಕದ್ದು. ಎರಡನೆಯದು, ಸ್ಪೇಸ್ ಗೇರ್ ಮಾದರಿಯ ಜಾರುವ ಬಾಗಿಲು ಎಡಬದಿಯಲ್ಲಿದೆ. ಜಪಾನಿನಲ್ಲಿ ಅದು ಕಾಲುದಾರಿಯ ಕಡೆ ತೆರೆದುಕೊಳ್ಳುತ್ತದೆ. ವ್ಯಾಂಕೂವರ್‌ನಲ್ಲಿ ಅದೇ ಬಾಗಿಲು ಸಂಚಾರದ ನಡುವಿಗೆ ತೆರೆದುಕೊಳ್ಳುತ್ತದೆ. ಶಾಲೆಯ ಎದುರು ರಸ್ತೆ ಬದಿಯಲ್ಲಿ ನಿಲ್ಲಿಸಿ ಮಕ್ಕಳನ್ನು ಇಳಿಸುವ ಕ್ರಮವನ್ನು ಸಂಪೂರ್ಣವಾಗಿ ಕೈಬಿಟ್ಟು, ವಾಹನ ನಿಲುಗಡೆಯ ಆವರಣದೊಳಗೆ ಇಳಿಸುವುದು.

ಖರೀದಿಗೆ ಮುನ್ನ ಮತ್ತು ಖರೀದಿಯ ನಂತರ

ಹರಾಜಿನ ತಪಾಸಣಾ ಪತ್ರದ ಪ್ರತಿಯನ್ನು ಕೇಳಿ ಪಡೆಯತಕ್ಕದ್ದು. ಅದರಲ್ಲಿ ದರ್ಜೆಯು ಅಂಕಿಯ ಬದಲು ಆರ್ ಅಕ್ಷರದಿಂದ ನಮೂದಾಗಿದ್ದರೆ ವಾಹನವು ಹಿಂದೆ ಅಪಘಾತಕ್ಕೀಡಾಗಿ ದೇಹರಚನೆಯ ಭಾಗಗಳು ದುರಸ್ತಿಯಾಗಿವೆ ಎಂದು ತಿಳಿಯುವುದು. ಕುಗ್ಗುವ ಜಾಗವೇ ಕಡಿಮೆಯಿರುವ ವಾಹನದಲ್ಲಿ ಒಮ್ಮೆ ಕುಗ್ಗಿ ನೆಟ್ಟಗಾದ ಮುಂಭಾಗವನ್ನು ನಂಬುವುದು ಸೂಕ್ತವಲ್ಲ. ಇಂತಹ ವಾಹನವನ್ನು ಯಾವ ಬೆಲೆಗೂ ಕೊಳ್ಳದಿರುವುದು ಒಳಿತು.

ತುಕ್ಕನ್ನು ಕೇವಲ ಅಂದದ ವಿಷಯವೆಂದು ಪರಿಗಣಿಸಬಾರದು. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಪ್ರದೇಶಗಳಲ್ಲಿ ಬಾಗಿಲಿನ ಕೆಳಗಿನ ತೊಲೆ, ಗಾಲಿಗಳ ಮೇಲ್ಭಾಗ ಮತ್ತು ಸೀಟ್ ಬೆಲ್ಟುಗಳನ್ನು ನೆಲಕ್ಕೆ ಬಿಗಿದಿರುವ ಸ್ಥಳಗಳು ಒಳಗಿನಿಂದಲೇ ತಿನ್ನಲ್ಪಡುತ್ತವೆ. ಬಣ್ಣ ಹೊಳೆಯುತ್ತಿದ್ದರೂ ವಾಹನವನ್ನು ಲಿಫ್ಟಿನ ಮೇಲೇರಿಸಿ ಕೆಳಗಿನಿಂದ ನೋಡಿಸಿಯೇ ಹಣ ನೀಡುವುದು. ಬೆಲ್ಟಿನ ಪಟ್ಟಿಗಳು 25 ವರ್ಷ ಹಳೆಯವಾಗಿರುತ್ತವೆ ಎಂಬುದನ್ನೂ ಮರೆಯಬಾರದು. ಅಂಚು ಬಿಚ್ಚಿದ, ಎಳೆದಾಗ ತಡವರಿಸುವ ಬೆಲ್ಟನ್ನು ಬದಲಿಸತಕ್ಕದ್ದು. ಮಧ್ಯದ ಆಸನದಲ್ಲಿ ಸೊಂಟದ ಪಟ್ಟಿ ಮಾತ್ರವಿದ್ದಲ್ಲಿ ಅಲ್ಲಿ ಯಾರನ್ನೂ ಕೂರಿಸದಿರುವುದು ಲೇಸು. ಮಡಚಿ ಹಾಸಿಗೆ ಮಾಡಿದ ಅಥವಾ ಹಿಂದಕ್ಕೆ ತಿರುಗಿಸಿದ ಆಸನಗಳು ವಾಹನ ನಿಂತಿರುವಾಗಿನ ಸೌಲಭ್ಯಗಳೇ ಹೊರತು ಪ್ರಯಾಣ ಕಾಲದ ಸೌಲಭ್ಯಗಳಲ್ಲ.

ಕೆನಡಾದಲ್ಲಿ ಮುಂದಕ್ಕೆ ಮುಖ ಮಾಡುವ ಮಕ್ಕಳ ಸುರಕ್ಷಾ ಆಸನವನ್ನು ಮೇಲಿನ ಪಟ್ಟಿಯಿಂದಲೂ ವಾಹನಕ್ಕೆ ಬಿಗಿಯಬೇಕು. ಹಳೆಯ ಜಪಾನಿ ವ್ಯಾನಿನಲ್ಲಿ ಆ ಪಟ್ಟಿಗೆ ಕೊಂಡಿ ಇಲ್ಲದಿದ್ದಲ್ಲಿ ಅರ್ಹ ಕಾರ್ಯಾಗಾರದಲ್ಲಿ ಅಳವಡಿಸಿಕೊಳ್ಳುವವರೆಗೆ ಮಕ್ಕಳನ್ನು ಇನ್ನೊಂದು ವಾಹನದಲ್ಲಿಯೇ ಕರೆದೊಯ್ಯುವುದು. ಊರಿನಿಂದ ಬಂದ ಹಿರಿಯರಿಗೆ ಗೌರವದಿಂದ ಮುಂದಿನ ಆಸನ ಬಿಟ್ಟುಕೊಡುವುದು ನಮ್ಮ ರೂಢಿ. ಸ್ಟಾರ್ ವ್ಯಾಗನ್‌ನಂತಹ ವಾಹನದಲ್ಲಿ ಆ ಗೌರವವನ್ನು ಎರಡನೇ ಸಾಲಿನ ಆಸನದಲ್ಲಿ ತೋರಿಸುವುದು ಮೇಲು.

ಏರ್‌ಬ್ಯಾಗ್ ಎಲ್ಲ ವಾಹನಗಳಲ್ಲಿಯೂ ಇರುವುದಿಲ್ಲ. ಇದ್ದಲ್ಲಿ ಅದರ ಸ್ಥಿತಿ ತಿಳಿಯಬೇಕು. ಇಗ್ನಿಷನ್ ತಿರುಗಿಸಿದಾಗ ಏರ್‌ಬ್ಯಾಗ್ ದೀಪವು ಹೊತ್ತಿ ಆರಬೇಕು. ಹೊತ್ತಿಯೇ ಇದ್ದರೆ ದೋಷವಿದೆ ಎಂದೂ, ಹೊತ್ತದೇ ಇದ್ದರೆ ಯಾರೋ ಬಲ್ಬನ್ನು ತೆಗೆದಿರಬಹುದೆಂದೂ ಭಾವಿಸತಕ್ಕದ್ದು. ಟಕಾಟ ಸಂಸ್ಥೆಯ ಏರ್‌ಬ್ಯಾಗುಗಳು ಸಿಡಿದು ಲೋಹದ ಚೂರುಗಳು ಪ್ರಯಾಣಿಕರಿಗೆ ತಗುಲಿದ ಪ್ರಕರಣಗಳಿಂದಾಗಿ ಅನೇಕ ತಯಾರಕರು ವಾಹನಗಳನ್ನು ವಾಪಸು ಕರೆಯಬೇಕಾಯಿತು. ನ್ಯೂಜಿಲೆಂಡ್ ಸರ್ಕಾರವು 2018ರಲ್ಲಿ ಕಡ್ಡಾಯ ವಾಪಸಾತಿಯ ಆದೇಶ ಹೊರಡಿಸಿತು. ಖಾಸಗಿಯಾಗಿ ಆಮದಾದ ವಾಹನದ ಮಾಲೀಕರಿಗೆ ಇಂತಹ ಸೂಚನಾ ಪತ್ರವು ಅಂಚೆಯಲ್ಲಿ ಬರುವುದೆಂದು ನೆಚ್ಚಿಕೊಳ್ಳುವಂತಿಲ್ಲ. ಸ್ಥಳೀಯ ಮಾರಾಟ ಸಂಸ್ಥೆಯ ಕಡತದಲ್ಲಿ ಆ ವಾಹನ ಇರುವುದೇ ಇಲ್ಲ. ಜಪಾನಿನ ವಾಹನಗಳಿಗೆ 17 ಅಕ್ಷರಗಳ ಗುರುತಿನ ಸಂಖ್ಯೆಯ ಬದಲು ಪಿಇ8ಡಬ್ಲ್ಯು, ಪಿ35ಡಬ್ಲ್ಯು ಮುಂತಾದ ಮಾದರಿ ಸಂಕೇತದಿಂದ ಆರಂಭವಾಗುವ ಚಾಸಿಸ್ ಸಂಖ್ಯೆಯಿರುತ್ತದೆ. ಅದನ್ನು ಬಳಸಿ ತಯಾರಕರ ಜಪಾನಿನ ದಾಖಲೆಗಳಲ್ಲಿ ಮಾಲೀಕರೇ ಹುಡುಕಿಸಿಕೊಳ್ಳಬೇಕು.

ಮುಂಭಾಗಕ್ಕೆ ಕಬ್ಬಿಣದ ಕಾವಲು ಸರಳುಗಳನ್ನು ಬಿಗಿಸುವುದರಿಂದ ಮುಂಭಾಗದ ಉದ್ದದ ಕೊರತೆ ನೀಗುವುದಿಲ್ಲ. ಸರಳು ಕುಗ್ಗುವುದಿಲ್ಲವಾದ್ದರಿಂದ ಆಘಾತವು ನೇರವಾಗಿ ಚಾಸಿಸ್‌ಗೆ ಹೋಗುತ್ತದೆ, ಪಾದಚಾರಿಗಳಿಗೂ ಮಾರಕ. ಭಾರತದಲ್ಲಿ ಇಂತಹ ಸರಳುಗಳ ವಿರುದ್ಧ ಕ್ರಮ ಜರುಗಿಸುವಂತೆ ಕೇಂದ್ರ ರಸ್ತೆ ಸಾರಿಗೆ ಮಂತ್ರಾಲಯವು 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿದೆ.

ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಅಪಘಾತ ಸಂಶೋಧನಾ ಕೇಂದ್ರವು ನಿಜವಾಗಿ ನಡೆದ ಅಪಘಾತಗಳ ದಾಖಲೆಗಳನ್ನು ಆಧರಿಸಿ ಬಳಸಿದ ವಾಹನಗಳ ಸುರಕ್ಷತಾ ಶ್ರೇಣಿಯನ್ನು ಪ್ರಕಟಿಸುತ್ತದೆ. ಖರೀದಿಗೆ ಮುನ್ನ ಅದನ್ನು ನೋಡುವುದು ಉಪಯುಕ್ತ.

ಭಾರತಕ್ಕೆ ತರುವ ಬಗ್ಗೆ

ಬಳಸಿದ ಮೋಟಾರು ವಾಹನಗಳ ಆಮದಿಗೆ ಕೇಂದ್ರ ಸರ್ಕಾರದ ಆಮದು ನೀತಿಯು ವಿಧಿಸಿರುವ ಸಾಮಾನ್ಯ ಷರತ್ತುಗಳಂತೆ, ವಾಹನವು ತಯಾರಾದ ದಿನದಿಂದ 3 ವರ್ಷಕ್ಕಿಂತ ಹಳೆಯದಾಗಿರಬಾರದು. ಸ್ಟಿಯರಿಂಗ್ ಬಲಗಡೆಯಿರಬೇಕು, ವೇಗಮಾಪಕವು ಕಿ.ಮೀ.ನಲ್ಲಿರಬೇಕು, ಹೆಡ್‌ಲೈಟುಗಳು ಎಡಬದಿಯ ಸಂಚಾರಕ್ಕೆ ಹೊಂದಬೇಕು, ಕನಿಷ್ಠ 5 ವರ್ಷ ರಸ್ತೆ ಯೋಗ್ಯತೆ ಇರಬೇಕು, ನಿಗದಿತ ಪರೀಕ್ಷಾ ಸಂಸ್ಥೆಯ ಪ್ರಮಾಣ ಪತ್ರವಿರಬೇಕು ಹಾಗೂ ಮುಂಬಯಿ ಬಂದರಿನ ಮೂಲಕವೇ ಬರಬೇಕು. ಸ್ಟಿಯರಿಂಗ್ ಮತ್ತು ಹೆಡ್‌ಲೈಟಿನ ಷರತ್ತುಗಳನ್ನು ಜಪಾನಿನ ವ್ಯಾನು ಅನಾಯಾಸವಾಗಿ ಪೂರೈಸುತ್ತದೆ. ವಯಸ್ಸಿನ ಷರತ್ತನ್ನು ಸ್ಟಾರ್ ವ್ಯಾಗನ್ ಅಥವಾ ಸ್ಪೇಸ್ ಗೇರ್ ಪೂರೈಸುವ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಹೊರದೇಶಗಳಲ್ಲಿ ಹಳತಾದಷ್ಟೂ ತೆರೆಯುವ ಬಾಗಿಲು ಇಲ್ಲಿ ಹಳತಾದಷ್ಟೂ ಮುಚ್ಚುತ್ತದೆ. ಶಾಶ್ವತ ವಾಸಕ್ಕೆ ಹಿಂದಿರುಗುವವರು ತಮಗೆ ಅನ್ವಯಿಸುವ ಷರತ್ತು ಮತ್ತು ಸುಂಕದ ವಿವರವನ್ನು ಕಸ್ಟಮ್ಸ್ ಅಧಿಕಾರಿಗಳಿಂದ ಲಿಖಿತವಾಗಿ ಪಡೆದ ನಂತರವೇ ವಾಹನವನ್ನು ಹಡಗಿಗೆ ಹಾಕಿಸತಕ್ಕದ್ದು. ಬಂದರಿನಲ್ಲಿ ತಡೆಹಿಡಿಯಲ್ಪಟ್ಟ ವಾಹನಕ್ಕೆ ದಿನಗಳೆದಂತೆ ಶುಲ್ಕ ಏರುತ್ತಲೇ ಹೋಗುತ್ತದೆ.

ಆಮದಾದ ವಾಹನದ ನೋಂದಣಿಗೆ ನಮೂನೆ-20ರ ಅರ್ಜಿಯೊಂದಿಗೆ ಕಸ್ಟಮ್ಸ್ ತೀರುವಳಿ ಪ್ರಮಾಣ ಪತ್ರವನ್ನು ಲಗತ್ತಿಸುವುದು ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 47ರಂತೆ ಕಡ್ಡಾಯ. ಸದರಿ ಪತ್ರವಿಲ್ಲದ ಅರ್ಜಿಗಳನ್ನು ನೋಂದಣಿ ಪ್ರಾಧಿಕಾರವು ಪರಿಗಣಿಸಲಾಗುವುದಿಲ್ಲ. ಅರ್ಜಿದಾರರು ವಾಹನವನ್ನು ಖುದ್ದಾಗಿ ತಪಾಸಣೆಗೆ ಹಾಜರುಪಡಿಸತಕ್ಕದ್ದು. ತೆರಿಗೆ ಮತ್ತು ಶುಲ್ಕದ ವಿವರಗಳಿಗಾಗಿ ವಾಸಸ್ಥಳದ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಛೇರಿಯನ್ನು ಕಛೇರಿಯ ವೇಳೆಯಲ್ಲಿ ಸಂಪರ್ಕಿಸುವುದು.